ಸವಳು ತಡೆಯುವ ಭತ್ತ ಬಂದರೆ ತುಂಗಭದ್ರಾ ಅಚ್ಚುಕಟ್ಟಿನ ಸವಳು ಹೋಗುತ್ತದಾ?

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದೆಹಲಿಯಲ್ಲಿ ಎರಡು ಹೊಸ ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು ಡಿಆರ್‌ಆರ್ ಧಾನ್ 100. ಅದಕ್ಕೆ ಕಮಲಾ ಅಂತಲೂ ಹೆಸರಿದೆ. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ಎರಡೂ ಜೀನೋಮ್ ಎಡಿಟಿಂಗ್ ಮಾಡಿದ ತಳಿಗಳು. ಅಂದರೆ ಗಿಡದ ಒಳಗಿನ ಒಂದು ಜೀನನ್ನು ಬೇಕಾದ ಕಡೆಯೇ ಕತ್ತರಿಸಿ ತಿದ್ದಿದ್ದಾರೆ. ಬೆಳೆಯಲು ಸೂಚಿಸಿದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ.

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಭತ್ತದ ಬೆಳೆಗಾರರಿಗೆ ಈ ಸುದ್ದಿ ಬೇರೆ ಯಾರಿಗಿಂತಲೂ ಹತ್ತಿರದ್ದು. ಕಮಲಾ ಮಾಡಿದ್ದು ಬಿಪಿಟಿ 5204ರಿಂದ. ಈ ಭಾಗದಲ್ಲಿ ಸಣ್ಣ ಅಕ್ಕಿ ಅಂದರೆ ಮೊದಲು ನೆನಪಾಗುವ ತಳಿಯೇ ಅದು. ಪೂಸಾ ಡಿಎಸ್‌ಟಿ ಸವಳು, ಅಂದರೆ ಮಣ್ಣಿನಲ್ಲಿ ಕೂತ ಉಪ್ಪು, ತಡೆಯುತ್ತದೆ ಎಂದು ಹೇಳಲಾಗಿದೆ. ಸವಳು ನೆಲ ಏನು ಅಂತ ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಸುದ್ದಿಯ ಬೆನ್ನಲ್ಲೇ ಗೊಂದಲವೂ ಬಂತು. ಒಬ್ಬರು ಇದು ಕುಲಾಂತರಿ, ಅಂದರೆ ಹೊರಗಿನ ಜೀನ್ ಸೇರಿಸಿದ ಬೆಳೆ, ಅಲ್ಲ ಎನ್ನುತ್ತಾರೆ. ಇನ್ನೊಬ್ಬರು ಹಿಂಬಾಗಿಲಿನಿಂದ ಬಂದ ಕುಲಾಂತರಿ ಎನ್ನುತ್ತಾರೆ. ಇಳುವರಿ ಶೇ 30 ಜಾಸ್ತಿ ಎಂದು ಒಂದು ಕಡೆ ಓದಿದರೆ, ಅಂಕಿಗಳೇ ಸರಿಯಿಲ್ಲ ಎಂಬ ಆರೋಪ ಇನ್ನೊಂದು ಕಡೆ. ಇದನ್ನು ಬಿಡಿಸಿ ನೋಡಬೇಕಾದರೆ ಗುಣ ಬೀಜದಿಂದ ಬೀಜಕ್ಕೆ ಹೇಗೆ ದಾಟುತ್ತದೆ, ಮತ್ತು ಅದೇ ಗುಣ ನೆಲಕ್ಕೆ ಬಿದ್ದಾಗ ಏನಾಗುತ್ತದೆ ಎಂಬ ಎರಡೂ ಗೊತ್ತಿರಬೇಕು. ಚರ್ಚೆಯೆಲ್ಲ ಮೊದಲನೆಯದರ ಮೇಲೆ ನಡೆಯುತ್ತಿದೆ. ನಮ್ಮ ಜಿಲ್ಲೆಗಳಿಗೆ ಎರಡನೆಯದೇ ದೊಡ್ಡ ಮಾತು.

ನಮ್ಮ ಸಣ್ಣ ಅಕ್ಕಿಯ ವಂಶ

ಬಿಪಿಟಿ 5204 ಆಂಧ್ರದ ಬಾಪಟ್ಲದ ತಳಿ. 1986ರಲ್ಲಿ ಬಿಡುಗಡೆಯಾಯಿತು. ಸಾಂಬಾ ಮಸೂರಿ ಎಂಬುದು ಅದರ ಇನ್ನೊಂದು ಹೆಸರು. ಅದರ ಹಿಂದೆ ಮೂರು ಭತ್ತಗಳಿವೆ. ಒಂದು ತಮಿಳುನಾಡಿನ ಜಿಇಬಿ 24. ಹಳೆಯ ನಾಡ ಭತ್ತವೊಂದರಲ್ಲಿ ತಾನಾಗಿ ಕಾಣಿಸಿಕೊಂಡ ಬೇರೆ ರೂಪವನ್ನು ಆರಿಸಿ ಉಳಿಸಿದ್ದು ಅದು. ಇನ್ನೊಂದು ತೈವಾನಿನ ಗಿಡ್ಡ ಭತ್ತ, ತೈಚುಂಗ್ ನೇಟಿವ್ 1. ಮೂರನೆಯದು ಮಲೇಷ್ಯಾ ಕಡೆಯಿಂದ ಬಂದ ಮಸೂರಿ.

ತೈವಾನಿನ ಭತ್ತ ಗಿಡ್ಡ ಯಾಕೆ? ಕಾಂಡವನ್ನು ಎತ್ತರ ಮಾಡುವ ಹಾರ್ಮೋನು ತಯಾರಿಸುವ ಒಂದು ಜೀನ್ ಅದರಲ್ಲಿ ತಾನಾಗಿಯೇ ಕೆಟ್ಟಿತ್ತು. ಜೀನಿನ ಒಂದು ತುಂಡೇ ಕಳಚಿ ಹೋಗಿತ್ತು. ಅದರಿಂದ ಗಿಡ ಗಿಡ್ಡವಾಯಿತು, ಗೊಬ್ಬರ ಹಾಕಿದರೂ ಬೀಳದೆ ನಿಂತಿತು. ಹಸಿರು ಕ್ರಾಂತಿಯ ಭತ್ತವೆಲ್ಲ ನಿಂತಿರುವುದು ಈ ಕೆಟ್ಟ ಜೀನಿನ ಮೇಲೆ. ಗಿಡಕ್ಕೆ ನಷ್ಟವಾದದ್ದು ರೈತನಿಗೆ ಲಾಭವಾಯಿತು. ಹೊಸ ತಳಿಗಳಲ್ಲಿ ಮಾಡಿರುವುದೂ ಇದೇ ಜಾತಿಯ ಕೆಲಸ. ಒಂದು ಜೀನನ್ನು ಕೆಲಸ ಮಾಡದಂತೆ ಮಾಡಿದ್ದಾರೆ. ಅಲ್ಲಿ ಪ್ರಕೃತಿ ಕೆಡಿಸಿತ್ತು, ಇಲ್ಲಿ ಪ್ರಯೋಗಾಲಯ ಕೆಡಿಸಿದೆ.

ಎಲೆಯ ತೂಬು, ತೆನೆಯ ಕಾಳು

ಪೂಸಾ ತಳಿಯಲ್ಲಿ ತಿದ್ದಿದ ಜೀನಿನ ಹೆಸರೇ ಡಿಎಸ್‌ಟಿ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಪತ್ರರಂಧ್ರ ಎನ್ನುತ್ತಾರೆ. ಕಾಲುವೆಯ ತೂಬು ಇದ್ದ ಹಾಗೆ. ತೆರೆದರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಗಿಡ ಊಟ ತಯಾರಿಸುತ್ತದೆ. ಜೊತೆಗೆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಮುಚ್ಚಿದರೆ ಎರಡೂ ನಿಲ್ಲುತ್ತವೆ.

ಮುಚ್ಚಲು ಸಂಕೇತ ಕೊಡುವುದು ಹೈಡ್ರೋಜನ್ ಪೆರಾಕ್ಸೈಡ್ ಎಂಬ ವಸ್ತು. ತೂಬಿನ ಎರಡು ಬದಿಯ ಕೋಶಗಳಲ್ಲಿ ಅದು ತುಂಬಿದರೆ ತೂಬು ಮುಚ್ಚುತ್ತದೆ. ಡಿಎಸ್‌ಟಿ ಜೀನ್ ಅದನ್ನು ತುಂಬಲು ಬಿಡುವುದಿಲ್ಲ. ಹಾಗಾಗಿ ತೂಬು ತೆರೆದೇ ಇರುತ್ತದೆ. ನೀರು ಸಾಕಷ್ಟಿರುವ ಗದ್ದೆಯಲ್ಲಿ ಇದು ಒಳ್ಳೆಯದೇ. ಸವಳು ಗದ್ದೆಯಲ್ಲಿ ಇದೇ ಗುಣ ತಿರುಗಿ ಬೀಳುತ್ತದೆ. ಎಲೆ ನೀರು ಬಿಟ್ಟಷ್ಟೂ ಬೇರು ನೀರು ಎಳೆಯುತ್ತದೆ. ಆ ನೀರಿನ ಜೊತೆ ಸೋಡಿಯಂ ಉಪ್ಪೂ ಮೇಲೇರುತ್ತದೆ. ಎಲೆಯ ತುದಿ ಸುಟ್ಟ ಹಾಗೆ ಆಗುವುದು ಅದಕ್ಕೇ. ಡಿಎಸ್‌ಟಿ ಜೀನ್ ಕೆಲಸ ನಿಲ್ಲಿಸಿದರೆ ತೂಬುಗಳು ಬೇಗ ಮುಚ್ಚುತ್ತವೆ, ಅವುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ನೀರು ಉಳಿಯುತ್ತದೆ, ಉಪ್ಪು ಕಡಿಮೆ ಏರುತ್ತದೆ. 2009ರಲ್ಲೇ ಚೀನಾದ ವಿಜ್ಞಾನಿಗಳು ಈ ಜೀನಿನ ಕೆಲಸವನ್ನು ತೋರಿಸಿದ್ದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ಎಂಟಿಯು 1010 ತಳಿಯಲ್ಲಿ ತಿದ್ದಿತು.

ಕಮಲಾ ತಯಾರಾದದ್ದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ತಿದ್ದಿದ್ದು ಸಿಕೆಎಕ್ಸ್ 2 ಎಂಬ ಜೀನ್. ತೆನೆಯ ತುದಿ ಕವಲೊಡೆಯಲು ಸೈಟೋಕೈನಿನ್ ಎಂಬ ಹಾರ್ಮೋನು ಬೇಕು. ಸಿಕೆಎಕ್ಸ್ 2 ಆ ಹಾರ್ಮೋನನ್ನು ಒಡೆದು ಹಾಕುತ್ತದೆ. ಅದನ್ನು ಸುಮ್ಮನಾಗಿಸಿದರೆ ಹಾರ್ಮೋನು ಉಳಿಯುತ್ತದೆ, ತೆನೆಯಲ್ಲಿ ಕಾಳು ಜಾಸ್ತಿಯಾಗುತ್ತದೆ. ಕೆಲವು ಭತ್ತಗಳಲ್ಲಿ ಈ ಜೀನ್ ಹುಟ್ಟಿನಿಂದಲೇ ಮೆತ್ತಗಿರುತ್ತದೆ ಎಂದು ಜಪಾನಿನವರು 2005ರಲ್ಲಿ ಕಂಡುಕೊಂಡಿದ್ದರು. ಇನ್ನೂ ಚೆಂದದ ಸಂಗತಿಯೆಂದರೆ ಈ ಸಿಕೆಎಕ್ಸ್ 2 ಜೀನನ್ನು ಚಾಲೂ ಮಾಡುವವರಲ್ಲಿ ಡಿಎಸ್‌ಟಿಯೂ ಒಂದು. ಬೇರೆ ಬೇರೆ ಊರಲ್ಲಿ ತಯಾರಾದ ಎರಡು ತಳಿಗಳು ಒಂದೇ ಸರಪಳಿಯ ಎರಡು ಕೊಂಡಿ ಹಿಡಿದಿವೆ. ಉಪ್ಪು ತಡೆಯುವ ಶಕ್ತಿ ಮತ್ತು ಕಾಳಿನ ಲೆಕ್ಕ ಗಿಡದೊಳಗೆ ಎಷ್ಟು ಹೆಣೆದುಕೊಂಡಿವೆ ನೋಡಿ.

ಕುಲಾಂತರಿ ಹೌದಾ, ಅಲ್ವಾ?

ರಾಯಚೂರಿನ ರೈತರಿಗೆ ಬಿಟಿ ಹತ್ತಿ ಗೊತ್ತು. ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಅದರಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನ್ ಶಾಶ್ವತವಾಗಿ ಕೂತಿದೆ. ಹೊಸ ಭತ್ತದಲ್ಲಿ ಹಾಗೆ ಕೂತಿಲ್ಲ ಎಂಬುದು ಸರ್ಕಾರದ ವಾದ.

ಆದರೆ ಕತ್ತರಿಸಲು ಒಂದು ಕತ್ತರಿ ಬೇಕಲ್ಲ? ಕ್ರಿಸ್ಪರ್ ಕ್ಯಾಸ್ 9 ಎಂಬ ಆ ಕತ್ತರಿಯೂ ಬ್ಯಾಕ್ಟೀರಿಯಾದಿಂದಲೇ ಬಂದದ್ದು. ಅದನ್ನು ಈ ರೀತಿ ಬಳಸುವ ದಾರಿ ತೋರಿಸಿದ ಎಮಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ಬಂತು. ಭತ್ತದಲ್ಲಿ ಸಾಮಾನ್ಯವಾಗಿ ಆ ಕತ್ತರಿಯ ಜೀನನ್ನು ಮೊದಲು ಗಿಡದೊಳಗೆ ಸೇರಿಸುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯುತ್ತಾರೆ. ತೆಗೆಯುವ ವಿಧಾನ, ಗುಣ ಮರಿಗೆ ದಾಟುವ ನಿಯಮ ಕಂಡುಹಿಡಿದ ಮೆಂಡೆಲ್ ಹೇಳಿದ ಹಳೆಯ ಲೆಕ್ಕವೇ.

ಗಿಡಕ್ಕೆ ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ. ಹೂವಿನ ಗಂಡು ಭಾಗದಿಂದ ಒಂದು, ಹೆಣ್ಣು ಭಾಗದಿಂದ ಒಂದು ಮರಿಗೆ ಹೋಗುತ್ತವೆ. ಕತ್ತರಿಯ ಜೀನ್ ಕೂತಿರುವುದು ಒಂದೇ ಪ್ರತಿಯ ಮೇಲೆ ಎಂದುಕೊಳ್ಳಿ. ಭತ್ತದ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆಗ ನಾಲ್ಕು ಮರಿಗಳಲ್ಲಿ ಸರಾಸರಿ ಒಂದಕ್ಕೆ ಕತ್ತರಿ ಸಿಗುವುದೇ ಇಲ್ಲ. ತಿದ್ದಿದ ಜಾಗ ಮಾತ್ರ ಬಂದಿರಬಹುದು. ಅಂಥ ಸಸಿಯನ್ನೇ ಹುಡುಕಿ ಬೆಳೆಸುತ್ತಾರೆ. ಅದರ ಎರಡೂ ಪ್ರತಿಗಳಲ್ಲಿ ತಿದ್ದುಪಡಿ ಇದ್ದರೆ ಮುಂದಿನ ಎಲ್ಲ ಬೀಜಕ್ಕೂ ಅದೇ ಗುಣ ಹೋಗುತ್ತದೆ. ಹೈಬ್ರಿಡ್ ಹತ್ತಿ ಬೀಜದ ಹಾಗೆ ಎರಡನೇ ವರ್ಷ ಗುಣ ಚೆದುರುವುದಿಲ್ಲ.

ಇದೇ ಆಧಾರದ ಮೇಲೆ ಪರಿಸರ ಸಚಿವಾಲಯ 2022ರ ಮಾರ್ಚ್ 30ರಂದು ಒಂದು ಆದೇಶ ಹೊರಡಿಸಿತು. ಹೊರಗಿನ ಜೀನ್ ಉಳಿಯದ ಎಸ್‌ಡಿಎನ್ 1 ಮತ್ತು ಎಸ್‌ಡಿಎನ್ 2 ಎಂಬ ಬಗೆಯ ತಿದ್ದುಪಡಿಗಳಿಗೆ 1989ರ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ಕೊಟ್ಟಿತು. ಬಿಟಿ ಹತ್ತಿ ದಾಟಿದ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯ (ಆಗ ಅನುಮೋದನಾ ಸಮಿತಿ) ಬಾಗಿಲನ್ನು ಇವು ತಟ್ಟಬೇಕಿಲ್ಲ.

ವಿರೋಧಿಸುವವರ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕತ್ತರಿ ಹೊರಗೆ ಹೋಯಿತು, ಸರಿ. ಅದು ಇದ್ದಷ್ಟು ಹೊತ್ತು ಬೇರೆ ಕಡೆ ಕತ್ತರಿಸಲಿಲ್ಲ ಎಂದು ಯಾರು, ಎಷ್ಟು ಆಳವಾಗಿ ನೋಡಿದರು? ಆ ಮಾಹಿತಿ ಸಾರ್ವಜನಿಕರ ಮುಂದೆ ಇರಬೇಕಲ್ವಾ? ಯುರೋಪಿನ ನ್ಯಾಯಾಲಯ 2018ರಲ್ಲಿ ಇಂಥ ಬೆಳೆಗಳೂ ಕುಲಾಂತರಿ ಕಾನೂನಿನ ಒಳಗೇ ಬರುತ್ತವೆ ಎಂದಿತ್ತು. ಆಮೇಲೆ ಅಲ್ಲಿಯೂ ಸಡಿಲಿಸುವ ಹಾದಿ ಹಿಡಿದರು ಎಂಬುದೂ ನಿಜ. ಗುಣ ತಿದ್ದುವ ವಿಧಾನ ಬಿಟಿಗಿಂತ ಬೇರೆ, ಇದನ್ನು ಒಪ್ಪಲೇಬೇಕು. ವಿಧಾನ ಬೇರೆ ಎಂಬ ಕಾರಣಕ್ಕೆ ಪರೀಕ್ಷೆಯ ಕಾಗದ ಮುಚ್ಚಿಡುವುದು ಸರಿಯಲ್ಲ, ಇದನ್ನೂ ಒಪ್ಪಬೇಕು.

ಪೇಟೆಂಟಿನ ಪ್ರಶ್ನೆ ಇನ್ನೂ ಹತ್ತಿರದ್ದು. ಕ್ರಿಸ್ಪರ್ ಕತ್ತರಿಯ ಹಕ್ಕು ಹೊರದೇಶದ ಸಂಸ್ಥೆಗಳ ಕೈಯಲ್ಲಿದೆ. ಬಿಪಿಟಿ ಮಾತ್ರ ಸಾರ್ವಜನಿಕ ದುಡ್ಡಿನಲ್ಲಿ ಹುಟ್ಟಿದ ತಳಿ. ನಮ್ಮ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಬೀಜ ಉಳಿಸಿ, ಬಿತ್ತಿ, ಹಂಚುವ ಹಕ್ಕು ಕೊಟ್ಟಿದೆ. ಆ ಹಕ್ಕಿಗೆ ಕತ್ತರಿಯ ಪೇಟೆಂಟ್ ಅಡ್ಡ ಬರುವುದಿಲ್ಲ ಎಂದು ಬೀಜ ಮಾರುಕಟ್ಟೆಗೆ ಬರುವ ಮೊದಲೇ ಬರಹದಲ್ಲಿ ಹೇಳಬೇಕು.

ಸವಳಿನಲ್ಲಿ ಬೆಳೆದ ಬೀಜ ಸವಳಿಗೆ ಒಗ್ಗುತ್ತದಾ?

ಸವಳು ಹೊಲದಲ್ಲಿ ಬದುಕಿದ ಬೆಳೆಯಿಂದಲೇ ಬೀಜ ತೆಗೆದರೆ ಸಾಲದಾ ಎಂಬ ಪ್ರಶ್ನೆ ಸಹಜ. ಅರ್ಧ ಹೌದು, ಅರ್ಧ ಅಲ್ಲ.

ಒಂದು ಗಿಡ ಉಪ್ಪಿನಲ್ಲಿ ನರಳಿ ತೂಬು ಮುಚ್ಚಿಕೊಂಡು ಬದುಕಿತು ಎಂದರೆ ಅದು ಆ ಗಿಡದ ಹೋರಾಟ. ಅದರ ಜೀನಿನ ಅಕ್ಷರ ಬದಲಾಗಿರುವುದಿಲ್ಲ. ಮರಿಗೆ ಆ ಗುಣ ಹೋಗುವುದಿಲ್ಲ. ಜೀನಿನ ಮೇಲೆ ಅಂಟಿದ ರಾಸಾಯನಿಕ ಗುರುತುಗಳು ಕೆಲವೊಮ್ಮೆ ಮುಂದಿನ ತಲೆಮಾರಿಗೆ ದಾಟುವುದನ್ನು ವಿಜ್ಞಾನಿಗಳು ಗಿಡಗಳಲ್ಲಿ ಕಂಡಿದ್ದಾರೆ. ಆದರೆ ಅದನ್ನು ನಂಬಿ ಬೀಜ ಬಿತ್ತುವಷ್ಟು ಗಟ್ಟಿ ಅದಲ್ಲ. ಬಿಪಿಟಿಯಂಥ ಶುದ್ಧ ತಳಿಯಲ್ಲಿ ಎಲ್ಲ ಗಿಡವೂ ಹೆಚ್ಚುಕಡಿಮೆ ಒಂದೇ. ಆರಿಸಲು ಅಲ್ಲಿ ವ್ಯತ್ಯಾಸವೇ ಇಲ್ಲ.

ವ್ಯತ್ಯಾಸ ಇದ್ದ ಕಡೆ ಕತೆ ಬೇರೆ. ಉತ್ತರ ಕನ್ನಡದ ಅಘನಾಶಿನಿ ಕಡಲಂಚಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಉಪ್ಪು ನೀರಿನಲ್ಲೇ ಬೆಳೆಯುತ್ತದೆ. ಕೇರಳದ ಪೊಕ್ಕಾಳಿಯೂ ಹಾಗೇ. ಅಲ್ಲಿ ನೂರಾರು ವರ್ಷ ಉಪ್ಪೇ ತಳಿ ಆರಿಸಿತು. ತಡೆಯದ ಗಿಡ ಸತ್ತಿತು, ತಡೆದದ್ದರ ಬೀಜ ಉಳಿಯಿತು. ಪೊಕ್ಕಾಳಿಯಿಂದ ಸಾಲ್ಟಾಲ್ ಎಂಬ ಜೀನ್ ಭಾಗವನ್ನು ಗುರುತಿಸಿ ಬೇರೆ ತಳಿಗಳಿಗೆ ಸಂಕರದಿಂದಲೇ ದಾಟಿಸಿದ್ದಾರೆ. ಹರಿಯಾಣದ ಕರ್ನಾಲದಲ್ಲಿ ಸಿಎಸ್‌ಆರ್ ಸಾಲಿನ ಸವಳು ತಳಿಗಳು ಬಂದದ್ದೂ ಕತ್ತರಿ ಇಲ್ಲದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಗಂಗಾವತಿ ಸೋನಾ ಎಂಬ ಭತ್ತವೂ ಅಲ್ಲಿಂದಲೇ ಬಂದದ್ದು. ಹಾಗಾಗಿ ಪೂಸಾ ಡಿಎಸ್‌ಟಿಯನ್ನು ಬರೀ ಎಂಟಿಯು 1010ರ ಜೊತೆ ಹೋಲಿಸಿದರೆ ಸಾಲದು. ಈ ತಳಿಗಳ ಜೊತೆ, ಈ ನೆಲದಲ್ಲೇ ಹೋಲಿಸಬೇಕು.

ಶೇ 30 ಯಾವ ನೆಲದ್ದು?

ಸುದ್ದಿಯಲ್ಲಿ ದೊಡ್ಡದಾಗಿ ಬಂದದ್ದು ಶೇ 30ರ ಅಂಕಿ. ಸಂಸ್ಥೆ ಕೊಟ್ಟ ವಿವರ ನೋಡಿದರೆ ಅದು ಕರಾವಳಿಯ ಉಪ್ಪು ನೆಲದ್ದು. ಅಲ್ಲಿ ಎಂಟಿಯು 1010 ಹೆಕ್ಟೇರಿಗೆ 1,912 ಕೆ.ಜಿ. ಕೊಟ್ಟರೆ ಹೊಸದು 2,493 ಕೆ.ಜಿ. ಕೊಟ್ಟಿತು ಎನ್ನುತ್ತಾರೆ. ಸೋಡಿಯಂ ಜಾಸ್ತಿಯಾದ ಕ್ಷಾರ ನೆಲದಲ್ಲಿ ಹೆಚ್ಚಳ ಶೇ 14.66. ಒಳನಾಡಿನ ಸವಳಿನಲ್ಲಿ, ಅಂದರೆ ನಮ್ಮಂಥ ಕಡೆ, ಶೇ 9.66. ಹೆಕ್ಟೇರಿಗೆ 3,199 ಕೆ.ಜಿ. ಇದ್ದದ್ದು 3,508 ಆಯಿತು.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 75 ಕೆ.ಜಿ. ಚೀಲದಲ್ಲಿ ಎಕರೆಗೆ 17 ಚೀಲ ಇದ್ದದ್ದು 19ಕ್ಕೆ ಹತ್ತಿರ ಬರುತ್ತದೆ. ಒಂದೂವರೆ ಚೀಲಕ್ಕಿಂತ ತುಸು ಜಾಸ್ತಿ. ಇದು ಸಣ್ಣದೇನಲ್ಲ. ಆದರೆ ಹೊಸ ತಳಿಯ ಮೂಲವಾದ 1010 ಉದ್ದ ಕಾಳಿನ ಭತ್ತ. ಗಂಗಾವತಿ, ಸಿಂಧನೂರಿನ ಮಾರುಕಟ್ಟೆಯಲ್ಲಿ ಸೋನಾ ಜಾತಿಯ ಸಣ್ಣ ಭತ್ತಕ್ಕೆ ಸಿಗುವ ಬೆಲೆ ಅದಕ್ಕೆ ಸಿಗುವುದು ಕಷ್ಟ. ಹೆಚ್ಚಾದ ಚೀಲವನ್ನು ಬೆಲೆಯ ವ್ಯತ್ಯಾಸವೇ ತಿಂದುಬಿಡಬಹುದು.

ಈ ಅಂಕಿಗಳ ಮೇಲೂ ತಕರಾರಿದೆ. ಕುಲಾಂತರಿ ಮುಕ್ತ ಭಾರತ ಒಕ್ಕೂಟ 2025ರ ಅಕ್ಟೋಬರಿನಲ್ಲಿ, ಭತ್ತದ ಅಖಿಲ ಭಾರತ ಪ್ರಯೋಗಗಳ ವರದಿಗಳಿಗೂ ಪ್ರಚಾರಕ್ಕೂ ತಾಳೆಯಾಗುವುದಿಲ್ಲ ಎಂದು ಆರೋಪಿಸಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಆರೋಪವನ್ನು ತಳ್ಳಿಹಾಕಿತು. ಇಲ್ಲಿ ಒಂದು ಮಾತು ಗಮನಿಸಬೇಕು. ಜೀನ್ ಒಂದೇ ಆದರೂ ಇಳುವರಿ ಒಂದೇ ಆಗಿರುವುದಿಲ್ಲ. ಮೂರು ಬಗೆಯ ನೆಲದಲ್ಲಿ ಮೂರು ಬಗೆಯ ಹೆಚ್ಚಳ ಬಂದಿರುವುದೇ ಅದಕ್ಕೆ ಸಾಕ್ಷಿ. ತೂಬು ಮುಚ್ಚುವ ಎಲೆ ನೀರು ಉಳಿಸುತ್ತದೆ, ನಿಜ. ಆದರೆ ಎಲೆ ತಂಪಾಗುವುದು ನೀರು ಆವಿಯಾದಾಗಲೇ. ಬೇಸಿಗೆ ಬೆಳೆಯಲ್ಲಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ತೆನೆ ಹಾಲು ತುಂಬುವ ಹೊತ್ತಿಗೆ ಈ ಗುಣ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿಯೇ ಬೆಳೆದು ನೋಡಬೇಕು.

ನಮ್ಮ ಸವಳು ಎಲ್ಲಿಂದ ಬಂತು?

ಕರಾವಳಿಗೆ ಉಪ್ಪು ಬರುವುದು ಸಮುದ್ರದಿಂದ. ನಮಗೆ ಬಂದದ್ದು ಕಾಲುವೆಯಿಂದ. ಕಾಲುವೆ ನೀರು ಉಪ್ಪಲ್ಲ, ಸಿಹಿ ನೀರೇ. ತೊಂದರೆ ಆಗುವುದು ಹೀಗೆ.

ಎರೆ ಭೂಮಿ ನೀರನ್ನು ಬೇಗ ಬಸಿಯುವುದಿಲ್ಲ. ಅದರ ಆಳದಲ್ಲಿ ಮೊದಲೇ ಉಪ್ಪಿನ ಅಂಶ ಇದೆ. ವರ್ಷಗಟ್ಟಲೆ ನೀರು ನಿಲ್ಲಿಸಿದರೆ ನೆಲದೊಳಗಿನ ನೀರಿನ ಮಟ್ಟ ಮೇಲೆ ಬರುತ್ತದೆ. ಮೊದಲು ಜವಳು ಆಗುತ್ತದೆ, ಅಂದರೆ ನೆಲ ಸದಾ ಒದ್ದೆಯಾಗಿರುತ್ತದೆ. ಬೇಸಿಗೆಯಲ್ಲಿ ಆ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮಣ್ಣಿನ ಮೂಲಕ ಮೇಲೇರಿ ಆವಿಯಾಗುತ್ತದೆ. ನೀರು ಹೋಗುತ್ತದೆ, ಉಪ್ಪು ಮೇಲೆಯೇ ಕೂರುತ್ತದೆ. ಹೊಲದ ಮೇಲೆ ಕಾಣುವ ಬಿಳಿ ಪದರ ಅದೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಜವಳಾದ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಅಂದಾಜು ಬಹಳ ಕಾಲದಿಂದ ಇದೆ.

ಇಷ್ಟು ನೀರು ಯಾಕೆ ನಿಂತಿತು? 1953ರಲ್ಲಿ ಅಣೆಕಟ್ಟು ಸಿದ್ಧವಾದಾಗ ಎಡದಂಡೆಯ ಬಹುಪಾಲು ನೆಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತು ಮಾಡಿದ್ದರು. ಬರದ ಸೀಮೆಯ ಹೆಚ್ಚು ಜನಕ್ಕೆ ಸ್ವಲ್ಪ ಸ್ವಲ್ಪ ನೀರು ಸಿಗಲಿ ಎಂಬುದು ಯೋಜನೆ. ಭತ್ತಕ್ಕೆ ಸಣ್ಣ ಪಾಲು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಅಲ್ಲಿ ನೀರು ಹೆಚ್ಚಾಗಿ ನೆಲ ಸವಳಾಯಿತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರು ನೀರು ಬರಲಿಲ್ಲವೆಂದು ರಸ್ತೆಗೆ ಇಳಿಯುವಂತಾಯಿತು. ಮೇಲೆ ನೀರಿನಿಂದ ಕೆಡುವುದು, ಕೆಳಗೆ ನೀರಿಲ್ಲದೆ ಕೆಡುವುದು, ಎರಡಕ್ಕೂ ಕಾರಣ ಒಂದೇ. ಇದಕ್ಕೆ ಭತ್ತ ಬೆಳೆದ ರೈತನನ್ನೇ ದೂರುವುದು ತಪ್ಪು. ಮಾರುಕಟ್ಟೆ, ಮಿಲ್ಲು, ಸಾಲ, ಬೆಂಬಲ ಬೆಲೆ ಎಲ್ಲವೂ ಭತ್ತದ ಕಡೆಗೇ ಇದ್ದವು.

ಈಗ ಕಾರಣ ಮತ್ತು ಪರಿಣಾಮವನ್ನು ಜೋಡಿಸಿ ನೋಡಿ. ಸಾಮಾನ್ಯವಾಗಿ ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮನ್ (ಮಣ್ಣಿನ ಉಪ್ಪು ಅಳೆಯುವ ಮಾನ) ದಾಟಿದರೆ ಭತ್ತದ ಇಳುವರಿ ಇಳಿಯಲು ಶುರುವಾಗುತ್ತದೆ. ಆಮೇಲೆ ಒಂದೊಂದು ಅಂಕಿ ಏರಿದಂತೆ ಶೇ 12ರಷ್ಟು ಕುಸಿಯುತ್ತದೆ. ಈ ನಷ್ಟವೇ ಇವತ್ತು ರೈತನಿಗೆ ನೆಲ ಕೆಟ್ಟಿದೆ ಎಂದು ಹೇಳುತ್ತಿದೆ. ಸವಳು ತಡೆಯುವ ಬೀಜ ಬಂದರೆ ಆ ಎಚ್ಚರಿಕೆ ಕೆಲವು ವರ್ಷ ಕೇಳಿಸುವುದಿಲ್ಲ. ಮತ್ತೆ ಭತ್ತ, ಮತ್ತೆ ನಿಂತ ನೀರು, ಮತ್ತೆ ಉಪ್ಪು. ಗಿಡ ಉಪ್ಪನ್ನು ತಡೆದುಕೊಳ್ಳುತ್ತದೆ ಅಷ್ಟೇ, ನೆಲದಿಂದ ತೆಗೆಯುವುದಿಲ್ಲ. ತೆಗೆಯಲು ಬಸಿಗಾಲುವೆ ಬೇಕು, ಇಲ್ಲವೇ ನೆಲದೊಳಗೆ ತೂತಿನ ಪೈಪು ಹಾಕಿ ನೀರು ಬಸಿಯಬೇಕು. ಕ್ಷಾರ ನೆಲವಾದರೆ ಜಿಪ್ಸಂ ಕೂಡ ಬೇಕು. ಇವೆಲ್ಲ ಗಂಗಾವತಿಯಲ್ಲಿ ಮಾಡಿ ನೋಡಿದ ಕೆಲಸಗಳೇ. ಬಸಿಯುವ ವ್ಯವಸ್ಥೆ ಆಗುವವರೆಗೆ ರೈತ ಬದುಕಲು ಈ ಬೀಜ ನೆರವಾದರೆ ಅದು ಒಳ್ಳೆಯ ಬಳಕೆ. ಬಸಿಗಾಲುವೆಯ ಬದಲಿಗೆ ಬೀಜ ಕೊಟ್ಟರೆ ನೆಲಕ್ಕೆ ದ್ರೋಹ.

ಕಮಲಾದ 20 ದಿನ

ಎಲ್ಲರ ಕಣ್ಣು ಸವಳು ತಳಿಯ ಮೇಲಿದೆ. ನಮ್ಮ ಅಚ್ಚುಕಟ್ಟಿಗೆ ಹೆಚ್ಚು ಕೆಲಸಕ್ಕೆ ಬರಬಹುದಾದದ್ದು ಕಮಲಾ. ಅದರ ಇಳುವರಿ ಬಿಪಿಟಿಗಿಂತ ಶೇ 19 ಹೆಚ್ಚು ಎಂಬುದು ಸಂಸ್ಥೆಯ ಮಾತು. ಅದಕ್ಕಿಂತ ಮುಖ್ಯ ಅದರ ಅವಧಿ. ಬಿಪಿಟಿ ಕಟಾವಿಗೆ 145ರಿಂದ 150 ದಿನ ಬೇಕು. ಕಮಲಾ ಸುಮಾರು 130 ದಿನಕ್ಕೆ ಬರುತ್ತದೆ ಎನ್ನುತ್ತಾರೆ. ಸಣ್ಣ ಕಾಳಿನ ಗುಣ ಉಳಿದಿದ್ದರೆ ಮಿಲ್ಲಿನವರಿಗೂ ತಕರಾರಿರುವುದಿಲ್ಲ.

ತುಂಗಭದ್ರಾ ಜಲಾಶಯಕ್ಕೆ ಹೂಳು ತುಂಬಿದೆ. 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105.788ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎಷ್ಟು ನೀರು ನದಿಗೆ ಹರಿಯಿತು ಎಂಬುದನ್ನು ಈ ಭಾಗದವರೆಲ್ಲ ನೋಡಿದ್ದಾರೆ. ಇಂಥ ಹೊತ್ತಿನಲ್ಲಿ ಒಂದು ಬೆಳೆಗೆ 15ರಿಂದ 20 ದಿನದ ನೀರು ಉಳಿಯುವುದು ದೊಡ್ಡದು. ನೆಲದಲ್ಲಿ ನೀರು ಕಡಿಮೆ ದಿನ ನಿಂತರೆ ಸವಳಿಗೂ ಅಷ್ಟೇ ಕಡಿವಾಣ. ಸವಳು ತಡೆಯುವ ತಳಿ ಮಾಡದ ಕೆಲಸವನ್ನು ಬೇಗ ಬರುವ ತಳಿ ಮಾಡಬಹುದು.

ಆದರೆ ಉಳಿದ ನೀರು ತಾನಾಗಿ ಕೆಳಗೆ ಹರಿಯುವುದಿಲ್ಲ. ಮೇಲ್ಭಾಗದ ವಿತರಣಾ ಕಾಲುವೆಗಳು ಹಳೆಯ ಲೆಕ್ಕದಲ್ಲೇ ತೆರೆದಿದ್ದರೆ ಆ 20 ದಿನದಲ್ಲಿ ಇನ್ನಷ್ಟು ಎಕರೆ ಭತ್ತ ಅಲ್ಲೇ ಏಳುತ್ತದೆ. ಕಮಲಾ ಬಿತ್ತಿದ ಭಾಗಗಳಿಗೆ ನೀರು ನಿಲ್ಲಿಸುವ ದಿನವನ್ನು ನೀರಾವರಿ ಸಲಹಾ ಸಮಿತಿ ಹಂಗಾಮಿನ ಮೊದಲ ಸಭೆಯಲ್ಲೇ ಗೊತ್ತು ಮಾಡಬೇಕು. ಬಿಪಿಟಿ ಮತ್ತು ಕಮಲಾ ಒಂದೇ ತೂಬಿನ ಕೆಳಗೆ ಬೆರೆತರೆ ಅದೂ ಆಗುವುದಿಲ್ಲ. ಯಾಕೆಂದರೆ ಒಬ್ಬರ ಗದ್ದೆ ಕಟಾವಿಗೆ ಒಣಗಬೇಕಾದಾಗ ಪಕ್ಕದವರ ತೆನೆಗೆ ಇನ್ನೂ ನೀರು ಬೇಕಿರುತ್ತದೆ. ಹಾಗಾಗಿ ಬೀಜ ಹಂಚುವುದಾದರೆ ತಾಲ್ಲೂಕಿಗೆ ಇಷ್ಟು ಎಂದು ಚೆಲ್ಲಬಾರದು. ಒಂದು ತೂಬಿನ ಕೆಳಗಿನ ಎಲ್ಲ ರೈತರಿಗೂ ಒಟ್ಟಿಗೆ ಕೊಡಬೇಕು, ಅದೂ ಕಾಲುವೆಯ ಮೇಲ್ಭಾಗದಿಂದ ಶುರು ಮಾಡಿ.